ಹಾಡು ಕೇಳಿದವನು

ಕ್ಲಿಪ್‌ದ್ರಿಫ್ಟ್, ಫ್ರೀ ಸ್ಟೇಟ್
14 ಆಗಸ್ಟ್ 1989

ನನ್ನ ಹಿರಿಯ ಕೂಸು ಬಾರೆಂಡ್‌ಗೆ, ಅಮ್ಮನ ಮುತ್ತುಗಳು.

ಹೇಗಿದ್ದೀಯ ಮಗನೇ? ಆಮ್‌ಸ್ಟರ್‌ಡ್ಯಾಮಿನಲ್ಲಿ ಈಗ ಬೇಸಿಗೆಯಂತೆ. ಆದರೂ ಕಾಲುವೆಗಳ ಊರಿನ ತಂಡಿಯನ್ನು ನಂಬಬೇಡ, ನಿನ್ನ ಎದೆ ಮೊದಲಿನಿಂದಲೂ ಸೂಕ್ಷ್ಮ. ಸಿಗರೇಟು ಕಡಿಮೆ ಮಾಡಿದ್ದೀಯಾ? ಮಾಡಿರಲಾರೆ. ಇಲ್ಲಿ ಚಳಿಗಾಲ, ಬೆಳಗ್ಗೆ ಎದ್ದರೆ ಹುಲ್ಲೆಲ್ಲ ಹಿಮಗಟ್ಟಿ ಉಪ್ಪು ಎರಚಿದ ಹಾಗಿರುತ್ತದೆ. ನಿಮ್ಮಪ್ಪನಿಗೆ ಮೊಣಕಾಲು ನೋವು ಜಾಸ್ತಿ, ಮಾತು ಕಡಿಮೆ. ಮಜ್ಜಿಗೆ ಹಾಕಿದ ರಸ್ಕು ಮಾಡಿ ಬೇರೆ ಡಬ್ಬಿಯಲ್ಲಿ ಕಳಿಸಿದ್ದೇನೆ. ಕಾಫಿಯಲ್ಲಿ ಅದ್ದಿಕೊಂಡು ತಿನ್ನು, ಗೆಳೆಯರಿಗೆಲ್ಲ ಹಂಚಿ ಮುಗಿಸಬೇಡ.

ನಿನ್ನ ಫೋಟೋ ಬಂದ ಪತ್ರಿಕೆ ಕೈಸೇರಿತು. ಡಚ್ಚರ ಭಾಷೆ ನಮ್ಮ ಭಾಷೆಯ ಅಜ್ಜಿಯಲ್ಲವೇ, ತಡವರಿಸುತ್ತ ಓದಿಕೊಂಡೆ. ಗಿಟಾರು ಹಿಡಿದು ಚೆನ್ನಾಗಿ ಕಾಣುತ್ತೀಯ, ಕೂದಲು ಮಾತ್ರ ಅತಿಯಾಯಿತು. "ನನಗೆ ಕುಟುಂಬ ಅಂತ ಯಾರೂ ಉಳಿದಿಲ್ಲ, ಅವರೆಲ್ಲ ಬಿಳಿಯರ ಸರ್ಕಾರದ ಕಡೆಯವರು" ಎಂದು ಹೇಳಿದ್ದೀಯ. ಅದನ್ನು ನಿಮ್ಮಪ್ಪ ನನ್ನಿಂದ ಎರಡು ಸಲ ಓದಿಸಿದರು. ಆಮೇಲೆ ಎದ್ದು ಹಸುಗಳ ಕಡೆ ಹೋದರು.

ನಿನ್ನ ಆ ಹಾಡಿನಿಂದ ಇಲ್ಲಿ ಏನೇನಾಯಿತು ಅನ್ನುವುದು ನಿನಗೆ ಅರ್ಧವೇ ಗೊತ್ತು. "ಅಪ್ಪಾ, ನಿನ್ನ ಬಂದೂಕು ನೀನೇ ಹೊತ್ಕೋ, ನಾನು ಬರೋಲ್ಲ." ರೇಡಿಯೊದವರು ಆ ರೆಕಾರ್ಡಿನ ಮೇಲೆ ಮೊಳೆಯಿಂದ ಗೀರಿಬಿಟ್ಟರಂತೆ, ಯಾರೂ ತಪ್ಪಿ ಕೂಡ ಹಾಕಬಾರದು ಅಂತ. ಆದರೆ ಕ್ಯಾಸೆಟ್ಟುಗಳಿಗೆ ಯಾರು ಗೀರುತ್ತಾರೆ? ಊರಿನ ಹುಡುಗರ ಕಾರುಗಳಲ್ಲೆಲ್ಲ ಅದೇ. ಚರ್ಚಿನವರು ನಿಮ್ಮಪ್ಪನನ್ನು ಹಿರಿಯರ ಸಾಲಿನಿಂದ ಎಬ್ಬಿಸಿ ಹಿಂದಿನ ಬೆಂಚಿಗೆ ಕಳಿಸಿದರು. ಕಾಫಿ ಕುಡಿಯುವಾಗ ಪಕ್ಕದ ಮನೆಯ ಮಾರ್ಟಿ ಎಲ್ಲರೆದುರು ಕೇಳಿದಳು: "ಏನೇ ಹೆಸ್ಟರ್, ನಿನ್ ಮಗ ನಮ್ ಭಾಷೇಲೇ ನಮ್ಮನ್ನ ಬೈತಾನಲ್ಲೇ! ಇಂಗ್ಲಿಷಲ್ಲಾದ್ರೂ ಬೈದಿದ್ರೆ ಕೇಳಿಸ್ಲಿಲ್ಲ ಅಂತ ಸುಮ್ನಿರಬಹುದಿತ್ತು." ಎಲ್ಲರೂ ನಕ್ಕರು. ನಾನೂ ನಕ್ಕೆ. ಇನ್ನೇನು ಮಾಡಲಿ?

ನಿನ್ನ ಹೆಸರಿಗೆ ಕಡ್ಡಾಯ ಸೇನಾಸೇವೆಯ ಕರೆ ಬಂದಾಗ ನೀನು ವಿಮಾನ ಹತ್ತಿದೆ. ಒಳ್ಳೆಯದೇ ಆಯಿತು, ಬದುಕಿದ್ದೀಯಲ್ಲ. ಜುಲೈನಲ್ಲಿ ನಿನ್ನ ತಮ್ಮ ಲೌರೆನ್ಸ್‌ಗೂ ಕರೆ ಬಂತು. ರೈಲು ಹಳಿಯ ಆಚೆ ಕರಿಯರ ಕೇರಿಯಲ್ಲಿ ಈಗ ಸೈನಿಕರದ್ದೇ ಕಾವಲು, ಹೊಸ ಹುಡುಗರನ್ನೆಲ್ಲ ಇಂಥ ಕಡೆಗೇ ಹಾಕುತ್ತಾರೆ. ಊಟಕ್ಕೆ ಕೂತಾಗ ಅವನು ತಟ್ಟೆ ಸರಿಸಿ ಹೇಳಿದ: "ಡಿಕೆಲೆಡಿ ಮನೆ ಬೀದೀಲಿ ನಾನು ಬಂದೂಕು ಹಿಡ್ಕೊಂಡು ನಿಲ್ಲೋದಾ? ಅವಳ ಬೆನ್ನ ಮೇಲೆ ಮಲಗಿ ಬೆಳೆದೋನು ನಾನು. ಹೋಗಲ್ಲ." ಡಿಕೆಲೆಡಿ ಅಲ್ಲೇ ಪಾತ್ರೆ ತೊಳೆಯುತ್ತಿದ್ದಳು. ತಿರುಗಿಯೂ ನೋಡದೆ ಅಂದಳು: "ಸುಮ್ನೆ ಹೋಗಪ್ಪಾ. ನೀನು ಬರ್ದಿದ್ರೆ ಇನ್ನೊಬ್ಬ ಬರ್ತಾನೆ. ನನ್ ಮಗ ಆಗ್ಲೇ ಜೈಲಲ್ಲಿದ್ದಾನೆ. ನಿನಗೋಸ್ಕರಾನೂ ಅಳೋಕೆ ನನ್ನತ್ರ ಕಣ್ಣೀರಿಲ್ಲ." ಇಪ್ಪತ್ತು ವರ್ಷ ನನ್ನ ಅಡುಗೆಮನೆಯಲ್ಲಿದ್ದವಳು, ಅವಳ ಬಾಯಲ್ಲಿ ಅಷ್ಟು ಮಾತು ನಾನು ಕೇಳಿದ್ದು ಅದೇ ಮೊದಲು.

ಅವನು ಅಡಗಿಕೊಳ್ಳಲಿಲ್ಲ, ಓಡಲಿಲ್ಲ. ನಿಮ್ಮಪ್ಪನೇ ಕಾರಿನಲ್ಲಿ ಕೂರಿಸಿಕೊಂಡು ಮಿಲಿಟರಿ ಪೊಲೀಸರಿಗೆ ಒಪ್ಪಿಸಿ ಬಂದರು. ದಾರಿಗೆಂದು ನಾನು ಬ್ರೆಡ್ಡು, ಒಣಮಾಂಸ ಕಟ್ಟಿ ಸೀಟಿನ ಮೇಲಿಟ್ಟಿದ್ದೆ. ಅದನ್ನು ವಾಪಸು ತಂದು ಮೇಜಿನ ಮೇಲಿಟ್ಟು, "ಹೇಡಿಗೆ ಬುತ್ತಿ ಯಾಕೆ?" ಅಂದರು.

ನ್ಯಾಯಾಲಯದಲ್ಲಿ ನಿನ್ನ ಕ್ಯಾಸೆಟ್ಟು ಹಾಕಿದರು, ಬಾರೆಂಡ್. ಅಷ್ಟು ದೊಡ್ಡ ಕೋಣೆಯಲ್ಲಿ ನಿನ್ನ ದನಿ. ಬಾಗಿಲ ಬಳಿಯ ಪೊಲೀಸಿನವನ ಬೂಟು ತಾಳ ಹಾಕುತ್ತಿತ್ತು. ಸರ್ಕಾರಿ ವಕೀಲ ಕೇಳಿದ: "ಈ ಗಾಯಕ ಈಗ ಎಲ್ಲಿದ್ದಾನೆ?" ಲೌರೆನ್ಸ್ ಹೇಳಿದ: "ಆಮ್‌ಸ್ಟರ್‌ಡ್ಯಾಮಲ್ಲಿ." ವಕೀಲ ಜನರ ಕಡೆ ತಿರುಗಿ, "ಅಂದ್ರೆ ಹಾಡಿದವನು ಓಡಿಹೋದ, ಕೇಳಿದವನು ಸಿಕ್ಕಿಬಿದ್ದ" ಅಂದ. ಜನ ನಕ್ಕಿದ್ದೇ ನಕ್ಕಿದ್ದು. ನಿನ್ನ ತಮ್ಮ ನಗು ನಿಲ್ಲುವವರೆಗೆ ಕಾದು, "ಹಾಡು ಓಡಿಹೋಗಿಲ್ಲ ಸರ್, ಇಲ್ಲೇ ಇದೆ" ಅಂದ. ಆರು ವರ್ಷ ಜೈಲು ಕೊಟ್ಟರು.

ಹೋದ ವಾರ ನೋಡಿಕೊಂಡು ಬಂದೆ. ಮುಂದಿನ ಹಲ್ಲೊಂದು ಇಲ್ಲ. "ಬಿದ್ದೆ ಅಮ್ಮ" ಅಂದ. ಕೈಗೆ ಕೈ ತಾಗಿಸಲು ಬಿಡಲಿಲ್ಲ, ನಡುವೆ ಗಾಜು. ನಿನ್ನ ಬಗ್ಗೆ ಕೇಳಿದ: "ಅಣ್ಣ ಹೊಸದೇನಾದ್ರೂ ಹಾಡಿದ್ದಾನಾ?" ಹೌದು, ಅಲ್ಲಿ ಸಭಾಂಗಣ ತುಂಬುತ್ತದಂತೆ ಅಂದೆ. ಹಲ್ಲಿಲ್ಲದ ಬಾಯಿ ಬಿಟ್ಟು ಎಷ್ಟು ಖುಷಿಯಿಂದ ನಕ್ಕ ಗೊತ್ತಾ? ಅವನಿಗೆ ನಿನ್ನ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲ. ಅವನ ಪಾಲಿನದನ್ನೂ ನಾನೇ ಇಟ್ಟುಕೊಂಡಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕಾಲುಚೀಲ ಒದ್ದೆಯಾಗಿದ್ದರೆ ಬದಲಿಸು. ನೀನು ನಂಬದಿದ್ದರೂ ಇರಲಿ, ದೇವರು ನಿನ್ನನ್ನು ಕಾಯಲಿ ಎಂದು ದಿನವೂ ಬೇಡುತ್ತೇನೆ.

ನಿನಗೆ ಇನ್ನೂ ಅಮ್ಮನಾಗಿರುವ,
ಹೆಸ್ಟರ್

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮುಂದಿನ ತಿಂಗಳು ಮೇಲ್ಮನವಿ ಇದೆ. ನೀನೊಂದು ಹೇಳಿಕೆ ಬರೆದು ಸಹಿ ಹಾಕಿ ಕಳಿಸಿದರೆ ಶಿಕ್ಷೆ ಕಡಿಮೆಯಾಗಬಹುದು ಎನ್ನುತ್ತಾರೆ ನಮ್ಮ ವಕೀಲರು. ಆ ಹಾಡನ್ನು ಮನಸ್ಸಿನಿಂದ ಬರೆದದ್ದಲ್ಲ, ಕ್ಯಾಸೆಟ್ಟು ಖರ್ಚಾಗಲೆಂದು ತಮಾಷೆಗೆ ಹಾಡಿದ್ದು, ತಮ್ಮ ಎಳೆಯವನು, ನಿಜವೆಂದು ನಂಬಿಬಿಟ್ಟ ಅಂತ ಬರೆ. ಲೌರೆನ್ಸ್‌ಗೆ ಇದು ತಿಳಿಯಬಾರದು, ತಿಳಿದರೆ ಬೇಡವೆನ್ನುತ್ತಾನೆ. ನಿನ್ನ ಕೈಯಿಂದ ಸುಳ್ಳು ಬರೆಸಬೇಕಲ್ಲ ಎಂದು ನಾನು ಪೆನ್ನು ನಿಲ್ಲಿಸಿದ್ದೆ. ನಿಮ್ಮಪ್ಪ ಪಕ್ಕದಲ್ಲೇ ಇದ್ದಾರೆ. "ಇದ್ರಲ್ಲಿ ಸುಳ್ಳು ಯಾವುದು? ಬರಿ" ಅಂದರು.