ಬಾಯಿಬಿಟ್ಟು ಹೇಳಿದ ಮತ

ತಮ್ಮಾ ಶಿವರಾಜಾ,

ಕ್ಷೇಮವೇ ಎಂದು ಕೇಳುವುದಿಲ್ಲ. ಭಾನುವಾರದಿಂದ ಮನೆಯಲ್ಲಿ ಯಾರೂ ನಿನ್ನ ಜೊತೆ ಮಾತಾಡುತ್ತಿಲ್ಲವಂತೆ. ಸುಳ್ಳೇಕೆ ಹೇಳಲಿ, ಆ ಸುದ್ದಿ ಕೇಳಿ ಇನ್ನೊಂದು ಲೋಟ ಕಾಫಿ ಮಾಡಿಕೊಂಡು ಕುಡಿದೆ.

ಹೋದ ವರ್ಷ ಈ ಇಂಗ್ಲೆಂಡಿನ ನಮ್ಮ ಹಡರ್ಸ್‌ಫೀಲ್ಡ್ ಕನ್ನಡ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಾನು ನಿಂತದ್ದು ಹಾರತುರಾಯಿಗಲ್ಲ. ನಾನು ನಡೆಸುತ್ತಿದ್ದ ಶನಿವಾರದ ಕನ್ನಡ ಪಾಠವನ್ನು ಅಧ್ಯಕ್ಷ ಸಿದ್ದರಾಮಪ್ಪನವರು ನಿಲ್ಲಿಸಿ, ಆ ಕೋಣೆಯನ್ನು ಕ್ರಿಕೆಟ್ ನೋಡುವವರಿಗೆ ಬಿಟ್ಟುಕೊಟ್ಟಿದ್ದರು. ನಿನ್ನ ಮಗಳು ನಿವೇದಿತಾ ಅಕ್ಷರ ತಿದ್ದಿದ್ದು ಅಲ್ಲೇ. ನೀನು ನಮ್ಮ ಮನೆಯ ಹೋಳಿಗೆ ತಿನ್ನುತ್ತಾ, "ಅಕ್ಕಾರ, ನಮ್ಮ ವೋಟು ನಿಮಗ, ಬಿಡ್ರಿ" ಅಂದೆ. ನಾನು ಒಂದೇ ಮತದಿಂದ ಸೋತೆ. ಮರುದಿನ ಸಮಾಧಾನ ಹೇಳಲು ಬಂದವನು, ಯಾರೋ ನಂಬಿಸಿ ಕೈಕೊಟ್ಟಿದ್ದಾರೆ ಅಂತ ನೀನೇ ಹಲ್ಲು ಕಡಿದೆ. ಆಮೇಲೊಂದು ದಿನ ಕಾರ್ ಪಾರ್ಕಿನಲ್ಲಿ ಸಿದ್ದರಾಮಪ್ಪನವರು ನಿನ್ನ ಬೆನ್ನು ತಟ್ಟಿ, ನಿನ್ನ ವೋಟಿನಿಂದಲೇ ಗೆದ್ದೆನಪ್ಪ ಎಂದದ್ದು ನನ್ನ ಕಿವಿಗೆ ಬಿತ್ತು. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ ತಾನೇ?

ಸಿದ್ದರಾಮಪ್ಪನವರ ಡಾಕ್ಟರ್ ಕ್ಲಿನಿಕ್ಕಿನಲ್ಲೇ ನಿನ್ನ ಕೆಲಸ, ನಿನ್ನ ಡ್ಯೂಟಿಯ ಪಾಳಿ ಹಾಕುವವರೂ ಅವರೇ. ನನಗೆ ಗೊತ್ತಿಲ್ಲದ್ದಲ್ಲ. ಹೆದರಿದೆ ಅಕ್ಕಾ ಅಂದಿದ್ದರೆ ಬಿಟ್ಟುಬಿಡುತ್ತಿದ್ದೆ.

ನಾನು ಚರಿತ್ರೆ ಪಾಠ ಮಾಡುವವಳು. 1860ರ ದಶಕದಲ್ಲಿ, ನ್ಯೂಜಿಲೆಂಡ್ ಇನ್ನೂ ಬ್ರಿಟಿಷರ ವಸಾಹತಾಗಿದ್ದಾಗ, ಅಲ್ಲಿನ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತದಾರ ಅಧಿಕಾರಿಯ ಮುಂದೆ ನಿಂತು ಹೆಸರನ್ನು ಬಾಯಿಬಿಟ್ಟು ಹೇಳಬೇಕಿತ್ತು. ಧಣಿ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳಬಹುದಿತ್ತು. ಆ ಪದ್ಧತಿ ಯಾಕೆ ಹೋಗಬೇಕಾಯಿತೆಂದು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ವಿವರಿಸುವವಳು ನಾನೇ. ಈ ಸಲ ಗುಟ್ಟಿನ ಚೀಟಿ ಬಿಟ್ಟು ಸಂಘದ ಚುನಾವಣೆ ಹಾಗೇ ನಡೆಯಲಿ, ಮಕ್ಕಳಿಗೂ ಚರಿತ್ರೆ ತಿಳಿಯುತ್ತದೆ ಅಂದೆ. ಎಲ್ಲರೂ ತಮಾಷೆಯೆಂದು ಒಪ್ಪಿದರು, ಸಿದ್ದರಾಮಪ್ಪನವರಂತೂ ಚಪ್ಪಾಳೆ ತಟ್ಟಿದರು. ಅದು ನಿನ್ನೊಬ್ಬನಿಗಾಗಿ ತೋಡಿದ ಗುಂಡಿ.

ಭಾನುವಾರ ವೇದಿಕೆಯ ಒಂದು ಕಡೆ ಅವರು, ಇನ್ನೊಂದು ಕಡೆ ನಾನು. ನೀನು ಹತ್ತಿ ಬಂದು, ನೆಲ ನೋಡಿಕೊಂಡು, ಅವರ ಹೆಸರು ಹೇಳಿದೆ. ಕೇಳಿಸಲಿಲ್ಲ, ಜೋರಾಗಿ ಹೇಳು ಅಂದೆ ನಾನು. ನನಗೆ ಚೆನ್ನಾಗಿಯೇ ಕೇಳಿಸಿತ್ತು. ಎರಡನೇ ಸಲ ಹೇಳುವಾಗ ನಿನ್ನ ಕಿವಿ ಕೆಂಪಾದದ್ದು ಕಂಡು ವರ್ಷದ ಹೊಟ್ಟೆಯುರಿ ತಣ್ಣಗಾಯಿತು.

ನಾನು ಬಯಸಿದ್ದು ಅಷ್ಟೇ. ಆದರೆ ನಿನ್ನ ಹಿಂದೆಯೇ ನಿನ್ನ ಹೆಂಡತಿ ಮಹಾದೇವಿ ನಿಂತಿದ್ದಳು. ಹೋದ ವರ್ಷ ಚುನಾವಣೆಯ ಹೊತ್ತಿಗೆ ಧಾರವಾಡದಲ್ಲಿದ್ದ ಅವಳು, ಗಂಡನ ಮತ ಅಕ್ಕನಿಗೇ ಬಿದ್ದಿತ್ತೆಂದು ನಂಬಿಕೊಂಡಿದ್ದಳು. ಅವಳು ನನ್ನನ್ನೂ ನೋಡಲಿಲ್ಲ, ಅವರನ್ನೂ ನೋಡಲಿಲ್ಲ. ನಿನ್ನನ್ನೇ ನೋಡುತ್ತಾ ಹೇಳಿದಳು: "ಚಂದ್ರಪ್ರಭಾ ಅಕ್ಕಾರಿಗೆ. ಇವ್ರು ಹೋದ ವರ್ಷ ನನಗೂ ಸುಳ್ಳ ಹೇಳ್ಯಾರ."

ಅವಳ ಮಾತು ಕೇಳಿ ಹಿಂದೆ ನಿಂತಿದ್ದ ಕೆಲವರೂ ನನ್ನ ಕಡೆ ತಿರುಗಿದರು, ಗೆದ್ದೆ. ಶನಿವಾರದಿಂದ ಪಾಠ ಶುರು. ನಿವೇದಿತಾಳನ್ನು ಬಿಡಲು ಮಹಾದೇವಿ ಬರುವುದಿಲ್ಲವಂತೆ, ನೀನೇ ಬರಬೇಕಂತೆ. ಬಾ. ಬಾಗಿಲಲ್ಲಿ ನಾನೇ ನಿಂತಿರುತ್ತೇನೆ. ಪ್ರತಿ ವಾರವೂ ನನ್ನ ಮುಖ ನೋಡಿ, ಎಲ್ಲರಿಗೂ ಕೇಳುವ ಹಾಗೆ ನಮಸ್ಕಾರ ಹೇಳಿ ಹೋಗು.

ದೇವರು ನಿನಗೆ ದೀರ್ಘಾಯುಸ್ಸು ಕೊಡಲಿ, ಒಂದು ಶನಿವಾರವೂ ತಪ್ಪದಷ್ಟು ಆರೋಗ್ಯ ಕೊಡಲಿ.

ನೀನು ಕೈಬಿಟ್ಟರೂ ನಿನ್ನನ್ನು ಬಿಡದ ಅಕ್ಕ,
ಚಂದ್ರಪ್ರಭಾ