ಮೊಗ್ಗು ಚಿವುಟುವ ಕೈಗೆ

ಅತ್ತೆ,

ನಮಸ್ಕಾರ. ಫೋನಿನಲ್ಲಿ ಹೇಳಲು ಹೊರಟಿದ್ದೆ. "ನೀನು ಕ್ಷಮೆ ಕೇಳೋದೂ ಜಗಳ ಆಡಿದ ಹಾಗೇ ಇರುತ್ತೆ, ಬರೆದು ಕಳಿಸು" ಅಂದರು ನಿಮ್ಮ ಮಗ. ಹೇಳುವವರಿಗೇನು, ಬರೆಯಲು ಕೂತವಳ ಪಾಡು ಅವರಿಗೇನು ಗೊತ್ತು!

ಕಿಟಕಿಯ ಬಳಿಯ ನಿಮ್ಮ ದಾಳಿಂಬೆ ಬೋನ್ಸಾಯ್ ವಿಷಯ. ಮೊಣಕೈಯುದ್ದದ ಆ ಮರವನ್ನು ನೀವು ಈ ವರ್ಷ ಕುಂಡದಿಂದ ಎತ್ತಿ, ಬೇರು ಕತ್ತರಿಸಿ, ಹೊಸ ಮಣ್ಣಿಗೆ ಕೂರಿಸಿದಿರಿ. ಆಮೇಲೆ ಬಂದ ಕೆಂಪು ಮೊಗ್ಗುಗಳನ್ನೆಲ್ಲ ಚಿವುಟಿ ಹಾಕಿದಿರಿ. ಕಸದ ಬುಟ್ಟಿಯಲ್ಲಿ ಅವನ್ನು ಕಂಡು ನನ್ನ ಪಿತ್ತ ನೆತ್ತಿಗೇರಿತು. "ಬೇರು ಕತ್ತರಿಸಿದೀನಮ್ಮ, ಅದಕ್ಕೆ ಸುಸ್ತಾಗಿದೆ. ಈ ವರ್ಷ ಹೂ ಬೇಡ" ಅಂದಿರಿ. ನಾನು ನಕ್ಕುಬಿಟ್ಟೆ. ನೆಂಟರ ಎದುರಿಗೇ, "ಅತ್ತೆಗೆ ಅರಳುಮರಳು ಶುರುವಾಗಿದೆ. ಗಿಡಕ್ಕೆ ಸುಸ್ತಂತೆ!" ಅಂದೆ. ಕುಂಡವನ್ನು ನಿಮ್ಮ ಕೈಗೆ ಎಟುಕದ ಹಾಗೆ ಮೆಟ್ಟಿಲ ಮೇಲಿನ ಕಿಟಕಿಗೆ ಏರಿಸಿದೆ. ಮಾರನೇ ವಾರ ನೀವು ಮಗಳ ಮನೆಗೆ ಹೊರಟಿರಿ.

ನೀವು ಹೋದ ಮೇಲೆ ಗಿಡ ಮೈತುಂಬ ಹೂ ಬಿಟ್ಟಿತು. ಜಂಬದಿಂದ ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಎಲ್ಲರೂ ವಾಹ್ ಅಂದರೆ, ನೀವು ಮಾತ್ರ "ಪಾಪ, ಅದಕ್ಕೆ ತಡೆಯೋ ಶಕ್ತಿ ಇಲ್ಲ" ಅಂದಿರಂತೆ. ಹೂ ಉದುರಿತು, ಅದರ ಹಿಂದೆಯೇ ಎಲೆ. ಈಗ ಮುಕ್ಕಾಲು ಕೊಂಬೆಗಳು ಒಣಗಿ ಕಡ್ಡಿಯಾಗಿವೆ.

ಅಷ್ಟೇ ಆಗಿದ್ದರೆ ಹೊಸ ಗಿಡ ತಂದಿಟ್ಟು ಬಾಯಿ ಮುಚ್ಚಿಕೊಂಡಿರುತ್ತಿದ್ದೆ, ಅಂಥವಳೇ ನಾನು. ಆದರೆ ನಿನ್ನೆ ನಿಮ್ಮ ಮಗಳು ಹೇಳಿದಳು: "ಅಮ್ಮ ಈಗ ಒಲೆ ಆರಿಸಿದ್ರೂ ನನ್ನನ್ನ ಕರೀತಾಳೆ. 'ಸರಿಯಾಗಿ ಆರಿಸಿದೀನಾ ನೋಡೇ, ನನ್ನ ತಲೆ ನಂಬೋ ಹಾಗಿಲ್ಲ' ಅಂತಾಳೆ." ಅಯ್ಯೋ, ಗಿಡ ಒಣಗಿಸಿದ್ದು ಸಾಲದೆ ನಿಮ್ಮ ಧೈರ್ಯವನ್ನೂ ಒಣಗಿಸಿದೆನಲ್ಲ! ನಾಚಿಕೆಗೆ ಊಟ ಸೇರುತ್ತಿಲ್ಲ.

ನಿಮ್ಮ ತಲೆ ನೆಟ್ಟಗಿದೆ ಅತ್ತೆ. ತಪ್ಪಿದ್ದು ನಾನು. ಅವತ್ತಿದ್ದ ನೆಂಟರಿಗೆಲ್ಲ ಫೋನು ಮಾಡಿ ಇದನ್ನೇ ಹೇಳಿದೆ. ಚೆನ್ನಾಗಿ ಉಗಿದರು, ಉಗಿಸಿಕೊಂಡೆ.

ಕುಂಡ ಈಗ ಹಳೆಯ ಜಾಗಕ್ಕೇ ಬಂದಿದೆ. ಬುಡದ ಹತ್ತಿರ ಒಂದೇ ಒಂದು ಹಸಿ ಕೊಂಬೆ ಉಳಿದಿದೆ. ಇವತ್ತು ಅದರಲ್ಲೂ ಮೊಗ್ಗು ಮೂಡಿದೆ, ಹುಚ್ಚು ಗಿಡ! ತೆಗೆಯಬೇಕೆಂದು ಗೊತ್ತು. ಬೆರಳಿಟ್ಟೆ, ಹಿಂದಕ್ಕೆ ತೆಗೆದೆ. ಇದ್ದ ಒಂದನ್ನೂ ಮುರಿದುಬಿಟ್ಟರೆ? ನೀವೇ ಬಂದು ಚಿವುಟಿ ಅತ್ತೆ. ಯಾರನ್ನೂ ಕೇಳದೆ ಚಿವುಟಿ.

ನಿಮ್ಮ ಕೈ ಎಂದಿಗೂ ಅಳುಕದಿರಲಿ.

ಬಾಗಿಲು ನೋಡುತ್ತಾ ಕೂತಿರುವ,
ನಿಮ್ಮ ಬಾಯಿಬಡುಕಿ ಸೊಸೆ