ದೊಡ್ಡಮಾದಮ್ಮ ಕೈ ಅಡ್ಡ ಹಾಕಿದ ರೈಲು

ರಾಜ್ಯದ ಮೂಲೆಮೂಲೆಗೂ ಪ್ರಯಾಣಿಕರ ರೈಲು ಮುಟ್ಟಿಸಿದ್ದೇವೆಂದು ನಮ್ಮ ತಾಳವಾಡಿಯಲ್ಲಿ ಮೈಕು ಹಿಡಿದು ಹೇಳಿ ಹೋದ ಅಧಿಕಾರಿಗಳೇ,

ಮಾನ್ಯರೇ ಎಂದು ಶುರು ಮಾಡಬೇಕಿತ್ತು. ಆ ಪದವನ್ನು ಸದ್ಯಕ್ಕೆ ತೆಗೆದಿಟ್ಟಿದ್ದೇನೆ, ನಮ್ಮ ಬೆಳಗಿನ ಬಸ್ಸು ವಾಪಸ್ ಬಂದ ದಿನ ಸೇರಿಸುತ್ತೇನೆ. ತಿಗನಾರೆಯಿಂದ ಹೊರಟು, ನಮ್ಮ ಪಣಕಹಳ್ಳಿ ಹಾದು, ದಿಂಬಂ ಘಾಟಿ ಇಳಿದು ಈರೋಡಿಗೆ ಹೋಗುತ್ತಿದ್ದ ಬಸ್ಸದು. ಅದನ್ನು ಯಾಕೆ ನಿಲ್ಲಿಸಿದಿರಿ ಎಂದು ಬಸ್ಸಿನವರನ್ನು ಕೇಳಿದರೆ "ಈಗ ಎಲ್ಲರಿಗೂ ರೈಲಿದೆಯಲ್ಲ" ಎನ್ನುತ್ತಾರೆ. ರೈಲಿನವರಾದ ನಿಮ್ಮನ್ನು ಕೇಳಿದರೆ "ಬಸ್ಸು ನಮ್ಮ ಇಲಾಖೆಯದಲ್ಲ" ಎನ್ನುತ್ತೀರಿ. ಇಷ್ಟಾದರೆ ಸುಮ್ಮನಿರುತ್ತಿದ್ದೆನೇನೋ. ನಿಮ್ಮ ಪೋಸ್ಟರ್ ನಂಬಿ ರೈಲು ಹಿಡಿಯಲು ಹೋಗಿ ಬಂದ ಹೆಂಗಸೊಬ್ಬಳನ್ನು ಊರವರೆಲ್ಲರ ಮುಂದೆ ನೋಡಿ ನಕ್ಕಿರಲ್ಲ, ಅದಕ್ಕೇ ಈ ಪತ್ರ.

ಕನ್ನಡದಲ್ಲಿ ಬರೆದಿದ್ದಾಳೆಂದು ಹುಬ್ಬೇರಿಸಬೇಡಿ. ತಮಿಳಿನಲ್ಲಿ ಬರೆದುಕೊಟ್ಟ ಮನುಗಳಿಗೆ (ನಮ್ಮ ಕಡೆ ಅರ್ಜಿಗೆ ಹಾಗೇ ಅನ್ನುವುದು) ಇವತ್ತಿನವರೆಗೆ ಉತ್ತರವಿಲ್ಲ. ಓದದೆ ಬಿಸಾಡುವುದಕ್ಕೆ ಯಾವ ಭಾಷೆಯಾದರೇನು? ಊರವರಾದರೂ ಓದಲಿ ಅಂತ ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ. ನಮ್ಮ ಯಜಮಾನರು ಸೋಮಶೇಖರ್ ಇಣುಕಿ ನೋಡಿ, "ಯಾಕ ಸುಮ್ನ ಕೈ ನೋಯಿಸ್ಕತ್ತಿಯೆ? ಕಾಗ್ದ ಬರುದ್ರ ಬಸ್ಸು ಬಂದುದಾ?" ಎಂದರು. "ಬರೀದೆ ಇದ್ರ ಬಂದುದಾ?" ಎಂದೆ. ಅವರು ಕೋಸಿಗೆ ನೀರು ಕಟ್ಟಲು ಹೊರಟುಹೋದರು.

ಈಗ ನಿಮ್ಮ ರೈಲಿನ ದಾರಿಗೇ ಬರೋಣ. ನಮ್ಮ ಜಿಲ್ಲಾ ಕೇಂದ್ರ ಈರೋಡು. ತಾಳವಾಡಿ ಬೆಟ್ಟದವರು ಅಲ್ಲಿಗೆ ರೈಲಿನಲ್ಲೇ ಹೋಗುತ್ತೇವೆಂದು ಹಟ ಹಿಡಿದರೆ ಮೊದಲು ಗಡಿ ದಾಟಿ ಚಾಮರಾಜನಗರಕ್ಕೆ ಹೋಗಬೇಕು, ಯಾಕೆಂದರೆ ನಮಗೆ ಹತ್ತಿರದ ಸ್ಟೇಷನ್ ಇರುವುದೇ ಪಕ್ಕದ ರಾಜ್ಯದಲ್ಲಿ. ಅಲ್ಲಿಂದ ಮೈಸೂರು, ಮೈಸೂರಿಂದ ಬೆಂಗಳೂರು, ಬೆಂಗಳೂರಿಂದ ಸೇಲಂ, ಕೊನೆಗೆ ಈರೋಡು. ಅಡುಗೆಮನೆಯಿಂದ ಹಿತ್ತಲಿಗೆ ಹೋಗಲು ಊರೆಲ್ಲ ಸುತ್ತಿ ಬಂದ ಹಾಗೆ. ಸ್ವಾಮಿ, ನಿಮ್ಮ ಪೋಸ್ಟರಿನಲ್ಲಿರುವ 'ರಾಜ್ಯವ್ಯಾಪಿ' ಎಂಬ ಮಾತಿಗೆ ಎರಡು ರಾಜ್ಯ ಸುತ್ತಿಸುವುದು ಎಂಬ ಅರ್ಥವೂ ಇದೆಯೇ? ಆ ಪೋಸ್ಟರನ್ನು ಬೇರೆಲ್ಲೂ ಜಾಗ ಸಿಗದವರಂತೆ ನಮ್ಮ ಬಸ್ಸಿನ ಟೈಮು ಬರೆದಿದ್ದ ಗೋಡೆಯ ಮೇಲೇ ಅಂಟಿಸಿದ್ದಾರೆ.

ದೊಡ್ಡಮಾದಮ್ಮ ಆ ಪೋಸ್ಟರ್ ನಂಬಿದಳು. ಅವಳು ತಿಗನಾರೆಯವಳು. ಕಳೆ ಕೀಳಲು, ಜೋಳ ಮುರಿಯಲು ನಮ್ಮ ಹೊಲಕ್ಕೂ ಬರುತ್ತಾಳೆ. ಅವಳ ಒಬ್ಬಳೇ ಮಗಳು ಪರಿಮಳಳನ್ನು ಈರೋಡಿಗೆ ಕೊಟ್ಟಿದ್ದಾರೆ, ಈಗ ತುಂಬಿದ ಬಸುರಿ. ಚೊಚ್ಚಲ ಹೆರಿಗೆ ತವರಲ್ಲಾಗಬೇಕು. ಆದರೆ ಹುಡುಗಿಗೆ ಬಿಪಿ ಜಾಸ್ತಿ, ಘಾಟಿ ಹತ್ತಕೂಡದು, ದೊಡ್ಡಾಸ್ಪತ್ರೆಯ ಹತ್ತಿರವೇ ಇರಬೇಕು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳ ಹತ್ತಿರ ಹೋಗಬೇಕಲ್ಲ? ಅಳಿಯನಿಗೆ ಮಿಲ್ಲಿನಲ್ಲಿ ರಾತ್ರಿ ಪಾಳಿ. ಮಧ್ಯಾಹ್ನದ ಬಸ್ಸಿಗೆ ಹೋದರೆ ಈರೋಡು ಮುಟ್ಟುವಾಗ ಕತ್ತಲು, ಆ ಪಟ್ಟಣದ ಗಲ್ಲಿಗಳಲ್ಲಿ ಒಬ್ಬಳೇ ಮಗಳ ಮನೆ ಹುಡುಕಲು ಅವಳಿಗೆ ಭಯ. ಹಾಗಾಗಿ ರಾಗಿ ಹುರಿಹಿಟ್ಟು, ಬೆಳ್ಳುಳ್ಳಿ, ಕೂಸಿಗೆ ಹಾಸಲು ಒಗೆದು ಮೆತ್ತಗಾದ ಹಳೇ ಸೀರೆ, ಎಲ್ಲವನ್ನೂ ಗಂಟು ಕಟ್ಟಿಕೊಂಡು, ರೈಲಾದರೆ ಬೆಳಕಿರುವಾಗಲೇ ಮುಟ್ಟಿಸುತ್ತದೆಂದು ನಂಬಿ ಚಾಮರಾಜನಗರದ ಬಸ್ಸು ಹತ್ತಿದಳು.

ದಾರಿಯಲ್ಲಿ ಒಂಟಿ ಸಲಗವೊಂದು ರಸ್ತೆ ನಡುವೆ ನಿಂತಿತ್ತು. ಡ್ರೈವರು ಎಂಜಿನ್ ಆಫ್ ಮಾಡಿ ಕೂತ. ಆನೆಗೆ ನಿಮ್ಮ ವೇಳಾಪಟ್ಟಿ ಯಾರೂ ತಿಳಿಸಿರಲಿಲ್ಲ, ಅದು ಮನಸ್ಸು ಬಂದಾಗ ಹೋಯಿತು. ಚಾಮರಾಜನಗರ ಸಮೀಪಿಸುವಷ್ಟರಲ್ಲಿ ರೈಲ್ವೆ ಗೇಟು ಹಾಕಿದ್ದರು. ನೋಡಿದರೆ ಸ್ಟೇಷನ್ ಬಿಟ್ಟ ರೈಲು ಎದುರಿಗೇ ಬರುತ್ತಿದೆ! ದೊಡ್ಡಮಾದಮ್ಮ ಗಂಟಿನ ಸಮೇತ ಬಸ್ಸಿಂದ ಧುಮುಕಿ, ಗೇಟಿನ ಪಕ್ಕ ನಿಂತು, ನಿಮ್ಮ ರೈಲಿಗೆ ಕೈ ಅಡ್ಡ ಹಾಕಿದಳು.

ರೈಲು ನಿಲ್ಲಲಿಲ್ಲ. ಗೇಟಿನವನು ಓಡಿಬಂದು, "ಯಾನವ್ವಾ, ತಲ ಕೆಟ್ಟಿದ್ದಾ ನಿಂಗ? ಸತ್ತೋಗ್ಬುಟ್ಟಿಯೆ!" ಎಂದು ಬೈದು ಹಿಂದಕ್ಕೆಳೆದ. ಅವನು ಬೈದದ್ದು ಸರಿಯೇ. ಅವಳು ಬಂದ ಬಸ್ಸಿನಲ್ಲೇ ಗಂಟು ಹೊತ್ತು ಊರಿಗೆ ಮರಳಿದಳು.

ಇದಾದ ಮೇಲೆ ನೀವು ತಾಳವಾಡಿಗೆ ಜಾಗೃತಿ ಶಿಬಿರ ಮಾಡಲು ಬಂದಿರಿ. ರೈಲಿನ ಮಹಿಮೆ ಸಾರಲು ಜೀಪಿನಲ್ಲಿ ಬಂದಿರಿ, ಅದಿರಲಿ. ಹಳ್ಳಿಗರು ರೈಲು ಬಳಸದಿರುವುದಕ್ಕೆ ಅರಿವಿನ ಕೊರತೆಯೇ ಕಾರಣವೆಂದಿರಿ. "ಇಲ್ಲಿ ಯಾರಾದರೂ ರೈಲಿಗೆ ಹೋಗಿದ್ದೀರಾ?" ಎಂದು ಕೇಳಿದಿರಿ. ನನ್ನ ಪಕ್ಕ ಕೂತಿದ್ದ ದೊಡ್ಡಮಾದಮ್ಮ ಎದ್ದು ನಿಂತು ನಡೆದದ್ದನ್ನು ನಡೆದ ಹಾಗೇ ಹೇಳಿದಳು. ನೀವು ನಕ್ಕಿರಿ. ಮೈಕು ಆನ್ ಇತ್ತು, ನಿಮ್ಮ ನಗು ಸಂತೆಮಾಳದವರೆಗೂ ಕೇಳಿಸಿತು. "ನೋಡಿ, ಜಾಗೃತಿ ಬೇಕು ಅನ್ನುವುದು ಇದಕ್ಕೇ" ಎಂದಿರಿ. ಮುಂದಿನ ಸಾಲಿನವರು ನಿಮಗಾಗಿ ಇನ್ನಷ್ಟು ನಕ್ಕರು. ಆಗ ಅವಳು ಕೇಳಿದ್ದು ನಗುವಿನಲ್ಲಿ ನಿಮಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು.

"ಅಲ್ಲ ಸಾಮಿ, ಒಳ್ಗ ಅಷ್ಟೊಂದ್ ಜನ ಕುಂತಿದ್ರು. ಒಬ್ರಾದ್ರೂ ಡ್ರೈವರ್ಗ ಒಂದ್ ಮಾತ ಯೋಳ್ಬಾರ್ದಾಗಿತ್ತಾ?"

ಇದು ನಿಮಗೆ ಅರ್ಥವಾಗಬೇಕಾದರೆ ನಮ್ಮ ಬಸ್ಸು ಹತ್ತಿರಬೇಕು. ಹೊಲದ ಬದುವಿನ ಮೇಲೆ ಯಾರೋ ಓಡಿ ಬರುತ್ತಿರುವುದು ಕಂಡರೆ ಇಡೀ ಬಸ್ಸೇ "ತಡೀರಿ, ತಡೀರಿ, ಜನ ಬತ್ತಾವ್ರ!" ಎಂದು ಕೂಗುತ್ತದೆ. ಓಡಿ ಬರುತ್ತಿರುವವರು ಯಾವ ಜಾತಿ, ಯಾರ ಮನೆಯ ಆಳು ಎಂದು ಆ ಗಳಿಗೆಯಲ್ಲಿ ಯಾರೂ ಕೇಳುವುದಿಲ್ಲ. ಬೇರೆ ಕಡೆ ಕೇಳುತ್ತೇವೆ, ಸುಳ್ಳು ಯಾಕೆ ಹೇಳಲಿ? ಬಸ್ಸಿನಲ್ಲಿ ಮಾತ್ರ ಕೇಳುವುದಿಲ್ಲ. ದೊಡ್ಡಮಾದಮ್ಮನ ತಿಳಿವಳಿಕೆ ಇದು. ಇದಕ್ಕೆ ನಿಮ್ಮ ಶಿಬಿರದಲ್ಲಿ ಏನು ಔಷಧ ಇತ್ತೋ ನಾನರಿಯೆ.

ನಾನು ರೈಲಿನ ವಿರೋಧಿಯಲ್ಲ. ತಿರುಪ್ಪೂರಿಗೆ ಕೆಲಸಕ್ಕೆ ಹೋಗುವ ಜೀರಹಳ್ಳಿಯ ಮುರುಗನ್ ರೈಲೆಂದರೆ ಪ್ರಾಣ ಬಿಡುತ್ತಾನೆ: "ಒಳ್ಗೇ ಕಕ್ಕಸು ಅದ ಕಣಕ್ಕ, ವಾಂತಿನೂ ಬರಲ್ಲ!" ದಿಂಬಂ ತಿರುವುಗಳಲ್ಲಿ ಕಿಟಕಿಗೆ ತಲೆ ಕೊಟ್ಟು ಬದುಕಿರುವ ನಮಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಡ. ಆದರೆ ಪಟ್ಟಣದವರಿಗೆ ಬಾಗಿಲಿಂದ ಸ್ಟೇಷನ್ನಿಗೆ ಆಟೋ ಇದೆ, ಸಿಟಿ ಬಸ್ಸಿದೆ, ಒಂದು ರೈಲು ತಪ್ಪಿದರೆ ಹಿಂದೆಯೇ ಇನ್ನೊಂದಿದೆ. ನಮಗೆ ತಪ್ಪಿದರೆ ಅವತ್ತಿನ ಕೂಲಿಯೂ ಹೋಯಿತು, ಹೋದ ಕೆಲಸವೂ ಕೆಟ್ಟಿತು. ರೈಲಿನ ಹೊತ್ತಿಗೆ ಸ್ಟೇಷನ್ ಮುಟ್ಟಿಸುವ ಬಸ್ಸೇ ಇಲ್ಲದಿದ್ದರೆ ಹಳ್ಳಿಗೂ ಪಟ್ಟಣಕ್ಕೂ ಸಮಾನ ಲಾಭ ಎಂದು ಯಾವ ಬಾಯಲ್ಲಿ ಹೇಳುತ್ತೀರಿ? ಇದ್ದ ಬಸ್ಸನ್ನೂ ಕಸಿಯುವುದಾದರೆ ಆ ರೈಲಿನಿಂದ ನಮಗೆ ಆದದ್ದು ನಷ್ಟವೇ.

ಕಾಡು ಸೀಳಿ ಹಳಿ ಹಾಕಿ ಎಂದು ನಾವು ಕೇಳುತ್ತಿಲ್ಲ, ಆನೆಗೂ ದಾರಿ ಬೇಕು. ಕೇಳುತ್ತಿರುವುದು ಇಷ್ಟು. ನಿಮ್ಮ ರೈಲಿನ ಹೆಸರು ಹೇಳಿ ನಿಲ್ಲಿಸಿದ ಬೆಳಗಿನ ಬಸ್ಸನ್ನು ನೀವೇ ಬಾಯಿಬಿಟ್ಟು ವಾಪಸ್ ಕೊಡಿಸಿ. ಚಾಮರಾಜನಗರದ ರೈಲಿಗೆ ಹೊಂದುವಂತೆ ಇನ್ನೊಂದು ಬಸ್ಸು ಬಿಡಿಸಿ. ಗಡಿಯಾಚೆಯವರ ಜೊತೆ ಮಾತಾಡಬೇಕೆಂದರೆ ಮಾತಾಡಿ, ಅವರು ಕಚ್ಚುವುದಿಲ್ಲ.

ಪರಿಮಳಳಿಗೆ ದಿನ ತುಂಬುತ್ತಾ ಬಂದಿದೆ. ಅವ್ವ ಯಾವಾಗ ಬರುತ್ತಾಳೆಂದು ಆ ಹುಡುಗಿ ನನ್ನ ಫೋನಿಗೆ ಕರೆ ಮಾಡಿ ಅಳುತ್ತಾಳೆ. ಬಸ್ಸು ಬಾರದಿದ್ದರೆ ದೊಡ್ಡಮಾದಮ್ಮನನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಾನೇ ಘಾಟಿ ಇಳಿಯುತ್ತೇನೆ. ಆನೆ ಎದುರಾದರೆ ನಿಮ್ಮ ಹುದ್ದೆ ಹೇಳುತ್ತೇನೆ, ಅದಾದರೂ ಹೆದರುತ್ತದೋ ನೋಡೋಣ. ನಿನ್ನೆ ಅವಳ ಮನೆಗೆ ಹೋಗಿದ್ದೆ. ಗಂಟು ಗೂಟಕ್ಕೆ ನೇತುಬಿದ್ದಿದೆ, ಅವಳು ಅದನ್ನು ಬಿಚ್ಚಿಲ್ಲ.

ಅವಳ ಪ್ರಶ್ನೆ ಈಗಲಾದರೂ ನಿಮಗೆ ಕೇಳಿಸಿತಲ್ಲ. ಅವಳು ಇನ್ನೂ ಗೇಟಿನ ಪಕ್ಕವೇ ನಿಂತಿದ್ದಾಳೆ ಅಂದುಕೊಳ್ಳಿ. ಒಳಗೆ ಕೂತಿರುವವರು ನೀವು. ಡ್ರೈವರಿಗೆ ಒಂದು ಮಾತು ಹೇಳಿ.

ಇಂತಿ,
ನಿಮ್ಮ ಲೆಕ್ಕದಲ್ಲಿ ಆಗಲೇ ರೈಲು ಹತ್ತಿರುವ,
ಶಾಂಭವಿ
ಪಣಕಹಳ್ಳಿ, ಬಸ್ಸು ನಿಲ್ಲುತ್ತಿದ್ದ ಹುಣಸೆಮರದ ಎದುರು ಮನೆ